ನಿರೀಕ್ಷೆಯ ಯಾತ್ರಿಕ ಸಂತ ಜೋಸೆಫ್ ವಾಜ್

ವಿಶ್ವಾಸ, ನಿರೀಕ್ಷೆ ಮತ್ತು ಪ್ರೀತಿ ಎಂಬ ಮೂರನ್ನು ಪವಿತ್ರ ಸಭೆಯು ದೈವಿಕ ಸದ್ಗುಣಗಳೆಂದು ಕರೆಯುತ್ತದೆ. ಧರ್ಮೋಪದೇಶದ ತರಗತಿಗೆ ಬರುವ ಚಿಕ್ಕ ಮಕ್ಕಳೂ ಈ ಹೆಸರುಗಳನ್ನು ಕ್ರಮವಾಗಿ ಹೇಳಬಲ್ಲರು. ವಿಶ್ವಾಸದ ಕುರಿತು ನಾವು ಧಾರಾಳವಾಗಿ ಮಾತನಾಡುತ್ತೇವೆ. ಪ್ರೀತಿಯ ಕುರಿತು ಪ್ರವಚನ ಕೇಳದ ಭಾನುವಾರವೇ ಇಲ್ಲ. ಆದರೆ ನಡುವೆ ಇರುವ ನಿರೀಕ್ಷೆಯ ಸರದಿ ಬರುವುದು ಅಪರೂಪ. ಬಂದರೂ ಸಾವಿನ ಮನೆಯಲ್ಲಿ ಸಾಂತ್ವನ ಹೇಳುವ ಹೊತ್ತಿನಲ್ಲಿ ಮಾತ್ರ. ಪೋಪ್ ಫ್ರಾನ್ಸಿಸ್ ಅವರು 2025ರ ಜ್ಯುಬಿಲಿ ವರ್ಷವನ್ನು ನಿರೀಕ್ಷೆಗೆ ಮೀಸಲಾಗಿಟ್ಟು, ಕ್ರೈಸ್ತರೆಲ್ಲರೂ ನಿರೀಕ್ಷೆಯ ಯಾತ್ರಿಕರಾಗಬೇಕೆಂದು ಕರೆಯಿತ್ತದ್ದು ಈ ಕೊರತೆಯನ್ನು ಮನಗಂಡೇ ಇರಬೇಕು.

ದಿನನಿತ್ಯದ ಮಾತಿನಲ್ಲಿ ನಿರೀಕ್ಷೆಯೆಂದರೆ ಆಸೆ. ಮಳೆ ಬಂದೀತು, ಅಡಿಕೆಗೆ ಬೆಲೆ ಸಿಕ್ಕೀತು, ಮಗನಿಗೆ ಕೆಲಸ ದೊರೆತೀತು ಎಂಬ ಆಸೆ. ಲಕ್ಷಣಗಳು ಚೆನ್ನಾಗಿದ್ದರೆ ಈ ಆಸೆ ಬೆಳೆಯುತ್ತದೆ, ಲಕ್ಷಣಗಳು ಕೆಟ್ಟರೆ ಕುಂದುತ್ತದೆ. ಕ್ರೈಸ್ತ ನಿರೀಕ್ಷೆ ಇದಲ್ಲ. ಹದಿಮೂರನೆಯ ಶತಮಾನದ ಮಹಾಜ್ಞಾನಿ ಸಂತ ತೋಮಸ್ ಅಕ್ವಿನಾಸರು ನಿರೀಕ್ಷೆಯ ವಸ್ತುವಿಗೆ ನಾಲ್ಕು ಲಕ್ಷಣಗಳನ್ನು ಗುರುತಿಸುತ್ತಾರೆ. ಅದು ಒಳಿತಾಗಿರಬೇಕು, ಕೆಡುಕಿಗೆ ನಾವು ಅಂಜುತ್ತೇವೆಯೇ ಹೊರತು ಅದನ್ನು ನಿರೀಕ್ಷಿಸುವುದಿಲ್ಲ. ಅದು ಇನ್ನೂ ಕೈಸೇರದೆ ಇರಬೇಕು. ಕೈಸೇರಿದ ಮೇಲೆ ನಿರೀಕ್ಷೆಗೆ ಕೆಲಸವಿಲ್ಲ. ಅದು ಕಷ್ಟಸಾಧ್ಯವಾಗಿರಬೇಕು, ಸುಲಭವಾಗಿ ಸಿಗುವುದಕ್ಕೆ ಬರಿಯ ಬಯಕೆ ಸಾಕು. ಕೊನೆಯದಾಗಿ ಅದು ಸಾಧ್ಯವಾಗಿರಬೇಕು. ಅಸಾಧ್ಯವೆಂದು ತಿಳಿದುದನ್ನು ಯಾರೂ ನಿರೀಕ್ಷಿಸಲಾರರು. ಕ್ರೈಸ್ತನು ನಿರೀಕ್ಷಿಸುವ ಒಳಿತು ಸಾಕ್ಷಾತ್ ದೇವರೇ. ಆ ಒಳಿತು ಸಾಧ್ಯವಾಗುವುದು ನಮ್ಮ ಬಲದಿಂದಲ್ಲ, ದೇವರ ನೆರವಿನಿಂದ. ಆದ್ದರಿಂದಲೇ ಹೊರಗಿನ ಲಕ್ಷಣಗಳೆಲ್ಲ ಕೆಟ್ಟಾಗಲೂ ಕ್ರೈಸ್ತ ನಿರೀಕ್ಷೆ ಕೆಡಬೇಕಾಗಿಲ್ಲ.

ಇದು ಗ್ರಂಥದಲ್ಲಿ ಓದಲು ಸುಲಭ, ಬದುಕಿನಲ್ಲಿ ಕಷ್ಟ. ಹಾಗೆ ಬದುಕಿ ತೋರಿಸಿದ ಒಬ್ಬ ಮಹಾತ್ಮರು ಮುನ್ನೂರ ನಲವತ್ತು ವರ್ಷಗಳ ಹಿಂದೆ ನಮ್ಮ ಕುಂದಾಪುರ, ಗಂಗೊಳ್ಳಿ, ಬಸ್ರೂರು, ಬಾರ್ಕೂರುಗಳ ನೆಲದಲ್ಲೇ ನಡೆದಾಡಿದರು. ಅವರೇ ಸಂತ ಜೋಸೆಫ್ ವಾಜ್. ಶ್ರೀಲಂಕಾದ ಪ್ರೇಷಿತರೆಂದು ಜಗತ್ತು ಅವರನ್ನು ಅರಿತಿದೆ. ಅವರ ನಿರೀಕ್ಷೆಗೆ ಮೊದಲ ಪರೀಕ್ಷೆಯಾದದ್ದು ಮಾತ್ರ ನಮ್ಮ ಕನ್ನಡ ಕರಾವಳಿಯಲ್ಲಿ.

ಬಾಲ್ಯ ಮತ್ತು ಗುರುದೀಕ್ಷೆ

ಜೋಸೆಫ್ ವಾಜರು ಜನಿಸಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆಣಾವ್ಲಿ ಗ್ರಾಮದ ತಾಯಿಯ ತವರಿನಲ್ಲಿ. ತಂದೆ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯಾ ದೆ ಮಿರಾಂದ. ತಂದೆಯ ಊರು ಸಾಂಕ್ವಾಳ. ಆರು ಮಂದಿ ಮಕ್ಕಳಲ್ಲಿ ಇವರು ಮೂರನೆಯವರು. ಹಳ್ಳಿಯ ಶಾಲೆಯ ಓದು ಮುಗಿದ ಮೇಲೆ ಗೋವಾ ನಗರದಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿ ಕಲಿತರು. ತತ್ವಶಾಸ್ತ್ರ ಮತ್ತು ದೈವಶಾಸ್ತ್ರಗಳನ್ನು ದೊಮಿನಿಕನ್ ಗುರುಗಳ ಸಂತ ತೋಮಸ್ ಅಕ್ವಿನಾಸ್ ವಿದ್ಯಾಲಯದಲ್ಲಿ ಅಭ್ಯಾಸ ಮಾಡಿದರು. ನಿರೀಕ್ಷೆಯ ಕುರಿತು ಮೇಲೆ ಹೇಳಿದ ಸಂತ ತೋಮಸರ ಬೋಧನೆ ಅವರ ಪಾಠಶಾಲೆಯದೇ ಬೋಧನೆ.

1676ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ವಸಾಹತಿನ ಆ ದಿನಗಳಲ್ಲಿ ಧಾರ್ಮಿಕ ಸಭೆಗಳ ಬಾಗಿಲು ದೇಶೀಯ ಗುರುಗಳಿಗೆ ತೆರೆದಿರಲಿಲ್ಲ. ದೊಡ್ಡ ಹುದ್ದೆಗಳ ಮಾತಂತೂ ದೂರವೇ ಉಳಿಯಿತು. ಯುವಕ ವಾಜರು ಇದಕ್ಕಾಗಿ ಕೊರಗಿದವರಲ್ಲ. ಸಾಂಕ್ವಾಳದಲ್ಲಿ ಲತೀನ್ ಶಾಲೆಯೊಂದನ್ನು ತೆರೆದು ಮಕ್ಕಳಿಗೆ ಪಾಠ ಹೇಳಿದರು. ಬಡವರಂತೆ ಬರಿಗಾಲಿನಲ್ಲಿ ನಡೆದರು. 1677ರ ಆಗಸ್ಟ್ 5ರಂದು ಮಾತೆ ಮರಿಯಮ್ಮನವರ ದಾಸತ್ವವನ್ನು ಸ್ವೀಕರಿಸುವ ಪತ್ರವನ್ನು ಬರೆದು, ತಮ್ಮ ಇಡೀ ಬಾಳನ್ನು ಅವರ ಕೈಗೆ ಒಪ್ಪಿಸಿದರು. ಮುಂದೆ ಏನಾಗಬೇಕೆಂಬ ಲೆಕ್ಕಾಚಾರವನ್ನು ಬಿಟ್ಟುಕೊಟ್ಟ ಆ ದಿನದಿಂದಲೇ ಅವರ ನಿರೀಕ್ಷೆಯ ಯಾತ್ರೆ ಆರಂಭವಾಯಿತೆನ್ನಬಹುದು.

ಬಯಸಿದ್ದೊಂದು, ದೊರೆತದ್ದೊಂದು

ಅದೇ ಕಾಲದಲ್ಲಿ ಸಿಲೋನಿನ ಕಥೋಲಿಕರ ದುಃಸ್ಥಿತಿಯ ಸುದ್ದಿ ಗೋವೆಯಲ್ಲಿ ಹರಡಿತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಯಾಳ್ಪಾಣವನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡಿದ್ದರು. ಕಥೋಲಿಕ ಗುರುಗಳನ್ನು ದ್ವೀಪದಿಂದ ಹೊರಗಟ್ಟಿದ್ದರು. ಗುರುಗಳಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂಬ ಕಟ್ಟಳೆ ಜಾರಿಗೆ ಬಂದಿತ್ತು. ಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಸಾಯುವವರಿಗೆ ಅಂತ್ಯಾಭ್ಯಂಗವಿಲ್ಲ. ಇದನ್ನು ಕೇಳಿದ ವಾಜರು ಅಲ್ಲಿಗೆ ಹೋಗಲು ತಾವು ಸಿದ್ಧರೆಂದು ಮೇಲಧಿಕಾರಿಗಳಿಗೆ ಅರಿಕೆ ಮಾಡಿಕೊಂಡರು. ಆದರೆ ಅವರಿಗೆ ದೊರೆತ ಆದೇಶ ಬೇರೆ. 1681ರಲ್ಲಿ ಅವರನ್ನು ಕನ್ನಡ ಜಿಲ್ಲೆಯ ಮಿಷನಿನ ಮುಖ್ಯಸ್ಥರನ್ನಾಗಿ ಮಂಗಳೂರಿನ ಕಡೆಗೆ ಕಳುಹಿಸಲಾಯಿತು.

ಆಗ ನಮ್ಮ ನಾಡು ಕೆಳದಿಯ ಅರಸರ ಅಧೀನದಲ್ಲಿತ್ತು. ರಾಣಿ ಚೆನ್ನಮ್ಮಾಜಿಯವರು ಆಳುತ್ತಿದ್ದರು. ಬಸ್ರೂರು ದೊಡ್ಡ ವ್ಯಾಪಾರದ ಬಂದರು. ಅಲ್ಲಿಂದ ಸರಕು ಹೊತ್ತ ಎತ್ತುಗಳು ನಮ್ಮ ಅಮಾಸೆಬೈಲಿನ ನೆರೆಯ ಹೊಸಂಗಡಿಯ ಮಾರ್ಗವಾಗಿ ಘಟ್ಟವೇರಿ ರಾಜಧಾನಿ ಬಿದನೂರಿಗೆ ಸಾಗುತ್ತಿದ್ದವು. ಶಿವಪ್ಪ ನಾಯಕರು ಕರಾವಳಿಯ ಕೋಟೆಗಳನ್ನು ಗೆದ್ದುಕೊಂಡು ಪೋರ್ಚುಗೀಸರ ಬಲ ಕುಗ್ಗಿದ ಮೇಲೆ ಇಲ್ಲಿನ ಇಗರ್ಜಿಗಳಲ್ಲಿ ಹಲವು ಪಾಳುಬಿದ್ದಿದ್ದವು. ಗುರುಗಳ ಸಂಖ್ಯೆ ಬೆರಳೆಣಿಕೆಗೆ ಇಳಿದಿತ್ತು. ಗೋವೆಯಿಂದ ವಲಸೆ ಬಂದು ಇಲ್ಲಿ ನೆಲೆಸಿದ್ದ ಕುಟುಂಬಗಳು ಕುರುಬನಿಲ್ಲದ ಕುರಿಗಳಂತೆ ಚದುರಿಹೋಗಿದ್ದವು.

ಇಷ್ಟು ಸಾಲದೆಂಬಂತೆ ಸಭೆಯ ಒಳಗೇ ಒಂದು ಕಲಹವಿತ್ತು. ಪೋರ್ಚುಗಲ್ಲಿನ ದೊರೆಗೆ ದೊರೆತಿದ್ದ ಪದ್ರುವಾದೊ ಹಕ್ಕಿನ ಪ್ರಕಾರ ಈ ಪ್ರದೇಶ ಗೋವೆಯ ಮಹಾಧರ್ಮಾಧ್ಯಕ್ಷರಿಗೆ ಸೇರಿದ್ದೆಂದು ಒಂದು ಪಕ್ಷದ ವಾದ. ರೋಮಿನ ಪ್ರೊಪಗಾಂಡ ಪೀಠವು ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರಿಗೆ ಸೇರಿದ್ದೆಂದು ಇನ್ನೊಂದು ಪಕ್ಷದ ವಾದ. ಒಂದು ಪಕ್ಷದ ಗುರುಗಳು ನೀಡಿದ ಸಂಸ್ಕಾರ ಸಲ್ಲದೆಂದು ಮತ್ತೊಂದು ಪಕ್ಷ ಹೇಳುವಾಗ ಬಡ ಭಕ್ತರು ಯಾರ ಮಾತನ್ನು ನಂಬಬೇಕು?

ಹೊರಗಿನ ಹಿಂಸೆಗಿಂತ ಒಳಗಿನ ಜಗಳವು ನಿರೀಕ್ಷೆಯನ್ನು ಬೇಗ ಕೊಲ್ಲುತ್ತದೆ. ಇದು ಸಭೆಗೂ ಸತ್ಯ, ಕುಟುಂಬಕ್ಕೂ ಸತ್ಯ. ವಾಜರು ಗೋವೆಯ ಪಕ್ಷದ ಪ್ರತಿನಿಧಿಯಾಗಿ ಬಂದವರು. ಆದರೂ ಅವರು ಧರ್ಮಾಧ್ಯಕ್ಷ ಕಾಸ್ತ್ರೊ ಅವರನ್ನು ಖುದ್ದಾಗಿ ಕಂಡು, ಅವರ ಅಧಿಕಾರಪತ್ರಗಳನ್ನು ನೋಡಿ, ಮೇಲಿನಿಂದ ಸ್ಪಷ್ಟವಾದ ತೀರ್ಮಾನ ಬರುವವರೆಗೆ ಭಕ್ತರ ಆತ್ಮಹಿತಕ್ಕೆ ಧಕ್ಕೆಯಾಗದಂತೆ ಶಾಂತಿಯ ಏರ್ಪಾಟು ಮಾಡಿಕೊಂಡರು. ಬಳಿಕ ಊರೂರು ಅಲೆದರು. ಮಂಗಳೂರು, ಮೂಲ್ಕಿ, ಕಲ್ಯಾಣಪುರ, ಬಾರ್ಕೂರು, ಬಸ್ರೂರುಗಳಲ್ಲಿ ಪಾಪನಿವೇದನೆಗಳನ್ನು ಆಲಿಸಿದರು, ಮಕ್ಕಳಿಗೆ ಜ್ಞಾನಸ್ನಾನ ನೀಡಿದರು, ರೋಗಿಗಳನ್ನು ಸಂತೈಸಿದರು. ಹೊನ್ನಾವರ, ಗಂಗೊಳ್ಳಿ, ಕುಂದಾಪುರ, ಬಸ್ರೂರುಗಳಲ್ಲಿ ಇಗರ್ಜಿಗಳನ್ನು ಕಟ್ಟಿಸಿದರು ಇಲ್ಲವೇ ಜೀರ್ಣೋದ್ಧಾರ ಮಾಡಿಸಿದರು. ಮಂಗಳೂರಿನ ಬಳಿಯ ಮುಡಿಪು ಗುಡ್ಡದಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರಕ್ಕೆ ಇಂದಿಗೂ ಯಾತ್ರಿಕರು ಬರುತ್ತಾರೆ. ಕೊಲ್ಲಲು ಹೊಂಚುಹಾಕಿದವರ ನಡುವೆ ಅವರು ಊರುಗೋಲಿನಿಂದ ನೆಲವನ್ನು ತಟ್ಟಿದಾಗ ಅಲ್ಲಿ ನೀರಿನ ಒರತೆಗಳು ಚಿಮ್ಮಿದವೆಂಬ ಐತಿಹ್ಯವನ್ನು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ.

ಆದರೂ 1684ರಲ್ಲಿ ಅವರು ಗೋವೆಗೆ ಮರಳುವಾಗ ಆ ಕಲಹ ತೀರಿರಲಿಲ್ಲ. ಪದ್ರುವಾದೊ ವ್ಯಾಜ್ಯವು ಅವರ ಕಾಲಾನಂತರವೂ ನಮ್ಮ ಕರಾವಳಿಯನ್ನು ಬಹುಕಾಲ ಕಾಡಿತು. ಲೋಕದ ಲೆಕ್ಕದಲ್ಲಿ ಇದು ಅರೆಬರೆ ಕೆಲಸ. ಹೋಗಬೇಕೆಂದ ಕಡೆಗೆ ಹೋಗಲಿಲ್ಲ. ಹೋದ ಕಡೆಯಲ್ಲಿ ಮೂಲ ಸಮಸ್ಯೆ ಬಗೆಹರಿಯಲಿಲ್ಲ. ಇಂಥ ಹಂತದಲ್ಲಿ ನಮ್ಮಲ್ಲಿ ಅನೇಕರು ಕೈಚೆಲ್ಲಿ ಕುಳಿತುಬಿಡುತ್ತೇವೆ. ವಾಜರು ಹಾಗೆ ಕೂರಲಿಲ್ಲ. ಫಲವನ್ನು ನೋಡುವುದು ತನ್ನ ಪಾಲಿನದಲ್ಲ, ಬಿತ್ತುವುದಷ್ಟೇ ತನ್ನ ಪಾಲಿನದು ಎಂಬುದನ್ನು ಅವರು ಕಲಿತದ್ದು ಈ ಮೂರು ವರ್ಷಗಳಲ್ಲಿ ಎಂದು ನಮಗನಿಸುತ್ತದೆ.

ಕೊರಳಲ್ಲಿ ಜಪಮಾಲೆ

ಗೋವೆಗೆ ಮರಳಿದ ಅವರು 1685ರಲ್ಲಿ, ಹಳೆಯ ಗೋವೆಯ ಪವಾಡ ಶಿಲುಬೆಯ ಇಗರ್ಜಿಯ ಬಳಿ ಒಟ್ಟಾಗಿ ಬಾಳುತ್ತಿದ್ದ ದೇಶೀಯ ಗುರುಗಳ ಬಳಗವನ್ನು ಸೇರಿದರು. ಬೇಗನೆ ಅವರೇ ಅದರ ಮುಖ್ಯಸ್ಥರಾದರು. ಸಂತ ಫಿಲಿಪ್ ನೇರಿಯವರ ಓರೆಟರಿ ಸಭೆಯ ಮಾದರಿಯಲ್ಲಿ ರೂಪುಗೊಂಡ ಆ ಬಳಗವು ಭಾರತೀಯ ಗುರುಗಳೇ ಕಟ್ಟಿಕೊಂಡ ಮೊದಲ ಧಾರ್ಮಿಕ ಸಂಸ್ಥೆಗಳಲ್ಲೊಂದು. ಅಲ್ಲಿ ನೆಮ್ಮದಿಯಿಂದ ಇರಬಹುದಿತ್ತು. ಆದರೆ ಸಿಲೋನಿನ ಕರೆ ಅವರ ಮನಸ್ಸಿನಿಂದ ಅಳಿದಿರಲಿಲ್ಲ. 1686ರಲ್ಲಿ ಹುದ್ದೆಯನ್ನು ಬಿಟ್ಟು ಹೊರಟರು. 1687ರಲ್ಲಿ ತೂತ್ತುಕುಡಿಯಿಂದ, ಕೂಲಿಯಾಳಿನ ವೇಷದಲ್ಲಿ, ಜುವಾಂವ್ ಎಂಬ ನಿಷ್ಠಾವಂತ ಸೇವಕನೊಡನೆ ಕಡಲು ದಾಟಿದರು. ಬಿರುಗಾಳಿ ದೋಣಿಯನ್ನು ದಾರಿತಪ್ಪಿಸಿತು. ಹಸಿವು ಮತ್ತು ಆಮಶಂಕೆ ದೇಹವನ್ನು ಹಣ್ಣುಮಾಡಿದವು. ಯಾಳ್ಪಾಣವನ್ನು ಮುಟ್ಟಿದಾಗ ಅವರು ನಿಜವಾಗಿಯೂ ಭಿಕ್ಷುಕರಂತೆಯೇ ಕಾಣುತ್ತಿದ್ದರು.

ಕಥೋಲಿಕರು ಯಾರು, ಗೂಢಚಾರರು ಯಾರು ಎಂದು ತಿಳಿಯದ ಆ ಊರಿನಲ್ಲಿ ಅವರು ಒಂದು ಉಪಾಯ ಮಾಡಿದರು. ಕೊರಳಿಗೆ ಜಪಮಾಲೆಯನ್ನು ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಜಪಮಾಲೆಯನ್ನು ಕಂಡು ಯಾರ ಕಣ್ಣು ಅರಳುತ್ತದೆಂದು ಗಮನಿಸಿದರು. ಹೀಗೆ ಒಂದೊಂದೇ ಮನೆಯನ್ನು ಗುರುತಿಸಿ, ತಾವು ಗುರುವೆಂದು ತಿಳಿಸಿದರು. ರಾತ್ರಿಯ ಹೊತ್ತಿನಲ್ಲಿ ಮುಚ್ಚಿದ ಬಾಗಿಲುಗಳ ಹಿಂದೆ ಪೂಜೆ ನಡೆಯತೊಡಗಿತು. ಸಿಲ್ಲಾಲೈ ಎಂಬ ಹಳ್ಳಿ ಅವರ ಆಶ್ರಯಸ್ಥಾನವಾಯಿತು.

ಇಲ್ಲಿ ನಾವು ಒಂದು ಕ್ಷಣ ನಿಂತು ಆ ಮನೆಗಳ ಕುರಿತು ಯೋಚಿಸಬೇಕು. ಸುಮಾರು ಮೂವತ್ತು ವರ್ಷಗಳ ಕಾಲ ಅಲ್ಲಿಗೆ ಗುರುಗಳ ಸೇವೆ ದೊರೆತಿರಲಿಲ್ಲ. ಆಗ ಹುಟ್ಟಿದ ಮಗು ಬೆಳೆದು, ಮದುವೆಯಾಗಿ, ತಾನೇ ಮಕ್ಕಳ ತಂದೆಯಾಗಿರಬಹುದು. ಒಂದೂ ಪೂಜೆಯನ್ನು ಕಾಣದ ಅಂಥವರ ಮನೆಯಲ್ಲಿ ಜಪಮಾಲೆಯ ಗುರುತು ಉಳಿದದ್ದು ಹೇಗೆ? ಅಜ್ಜಿಯರು, ತಾಯಂದಿರು ಬಾಗಿಲು ಮುಚ್ಚಿಕೊಂಡು ಮಕ್ಕಳಿಗೆ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸಿದ್ದರಿಂದಲ್ಲವೇ? ಗುರುಗಳು ಬರುವರೆಂಬ ಯಾವ ಸುಳಿವೂ ಅವರಿಗಿರಲಿಲ್ಲ. ಜೋಸೆಫ್ ವಾಜರ ನಿರೀಕ್ಷೆ ಅವರನ್ನು ಕಡಲು ದಾಟಿಸಿತು. ಆ ಅಜ್ಜಿಯಂದಿರ ನಿರೀಕ್ಷೆ ಅವರನ್ನು ಗುರುತಿಸಿ ಬಾಗಿಲು ತೆರೆಯಿತು. ಎರಡರಲ್ಲಿ ಯಾವುದು ಇಲ್ಲದಿದ್ದರೂ ಸಿಲೋನಿನ ಸಭೆ ಚಿಗುರುತ್ತಿರಲಿಲ್ಲ.

ಕಷ್ಟ ಅಷ್ಟಕ್ಕೇ ಮುಗಿಯಲಿಲ್ಲ. 1689ರ ಕ್ರಿಸ್ಮಸ್ ಸಮಯದಲ್ಲಿ ಡಚ್ ಅಧಿಕಾರಿಗಳು ಯಾಳ್ಪಾಣದಲ್ಲಿ ದಾಳಿ ಮಾಡಿ ಸುಮಾರು 300 ಕಥೋಲಿಕರನ್ನು ಬಂಧಿಸಿದರು. ಕೆಲವರು ಕಠೋರ ದಂಡನೆಗೆ ಗುರಿಯಾದರು. ತಪ್ಪಿಸಿಕೊಂಡ ವಾಜರು ಮರುವರ್ಷ ಕ್ಯಾಂಡಿ ಅರಸರ ಸೀಮೆಗೆ ಸೇರಿದ ಪುತ್ತಳಂ ಕಡೆಗೆ ಹೋದರು.

ಸೆರೆಮನೆಯೇ ಪಾಠಶಾಲೆ

ಬಳಿಕ ಅವರು ರಾಜಧಾನಿ ಕ್ಯಾಂಡಿಯನ್ನು ಪ್ರವೇಶಿಸಿದಾಗ, ಅವರು ಪೋರ್ಚುಗೀಸರ ಗೂಢಚಾರರೆಂದು ಅರಸನ ಬಳಿಯಲ್ಲಿದ್ದ ಒಬ್ಬನು ಚಾಡಿ ಹೇಳಿದನು. ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರನ್ನು ಸೆರೆಯಲ್ಲಿರಿಸಿದನು. ನಾಲ್ಕೂ ಕಡೆ ಹಗೆಗಳು, ಮುಂದೆ ಬಾಗಿಲಿಲ್ಲ, ಹಿಂದೆ ದಾರಿಯಿಲ್ಲ. ಮನುಷ್ಯದೃಷ್ಟಿಯಲ್ಲಿ ಎಲ್ಲವೂ ಮುಗಿದಂತೆಯೇ.

ಸೆರೆಯಲ್ಲಿ ಅವರು ಮಾಡಿದ್ದೇನು? ಸಿಂಹಳ ಭಾಷೆಯನ್ನು ಕಲಿತರು. ಬಿಡುಗಡೆಯಾಗುವುದೆಂಬ ಖಾತ್ರಿಯಿಲ್ಲದ ಮನುಷ್ಯ, ಬಿಡುಗಡೆಯಾದ ಮೇಲೆ ಬೇಕಾಗುವ ಭಾಷೆಯನ್ನು ಕಲಿಯಲು ಕುಳಿತನೆಂದರೆ ಅದಕ್ಕಿಂತ ಮಿಗಿಲಾದ ನಿರೀಕ್ಷೆಯ ನಿದರ್ಶನ ನಮಗೆ ತಿಳಿಯದು. ನಿರೀಕ್ಷೆಯೆಂದರೆ ಕಣ್ಣುಮುಚ್ಚಿ ಕಾಯುವುದಲ್ಲ. ನಾಳೆ ದೇವರು ಬಾಗಿಲು ತೆರೆದರೆ ಹೊರಡಲು ಇಂದೇ ಸಿದ್ಧನಾಗಿರುವುದು. ಕ್ರಮೇಣ ಕಾವಲು ಸಡಿಲವಾಯಿತು. ವಾಸಸ್ಥಳದ ಬಳಿಯಲ್ಲೇ ಒಂದು ಗುಡಿಸಲು ದೇವಾಲಯವೂ, ಅನಂತರ ಮಾತೆ ಮರಿಯಮ್ಮನವರ ಹೆಸರಿನಲ್ಲಿ ಇಗರ್ಜಿಯೂ ಎದ್ದು ನಿಂತವು. ವರ್ಷಗಳು ಕಳೆದಂತೆ ಅರಸನೇ ಅವರ ಸಾಧುಸ್ವಭಾವವನ್ನು ಮೆಚ್ಚಿ, ಧರ್ಮಕಾರ್ಯಕ್ಕೆ ಸ್ವಾತಂತ್ರ್ಯ ನೀಡಿದನು. ಬೌದ್ಧ ಧರ್ಮವನ್ನು ಪಾಲಿಸುತ್ತಿದ್ದ ಅರಸನೊಬ್ಬನ ಆಶ್ರಯದಲ್ಲಿ, ಕ್ರೈಸ್ತರೇ ಆದ ಡಚ್ಚರಿಂದ ಓಡಿಬಂದ ಕಥೋಲಿಕ ಗುರು ಬದುಕಿದರೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಉಳ್ಳವರು ಊರು ಬಿಟ್ಟರು. ಸ್ವಂತ ಮನೆಯವರೇ ರೋಗಿಗಳನ್ನು ಕಾಡಿನಲ್ಲಿ ಬಿಟ್ಟುಬಂದರು. ವಾಜರು ಮತ್ತು ಗೋವೆಯಿಂದ ಬಂದಿದ್ದ ಅವರ ಸೋದರಳಿಯ ಜೋಸೆಫ್ ಕರ್ವಾಲೊ ಗುರುಗಳು ಜಾತಿಮತದ ಭೇದವೆಣಿಸದೆ ರೋಗಿಗಳ ಹುಣ್ಣುಗಳನ್ನು ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಮಣ್ಣುಮಾಡಿದರು. ಪರಲೋಕವನ್ನು ನಿರೀಕ್ಷಿಸುವವನು ಇಹಲೋಕದ ನೋವನ್ನು ಕಡೆಗಣಿಸುತ್ತಾನೆಂದು ಕೆಲವು ವಿಚಾರವಂತರು ಆಕ್ಷೇಪಿಸುವುದುಂಟು. ಆ ಆಕ್ಷೇಪಕ್ಕೆ ಕ್ಯಾಂಡಿಯ ಸಿಡುಬಿನ ಗುಡಿಸಲುಗಳೇ ಉತ್ತರ. ಸಾವೇ ಕೊನೆಯಲ್ಲವೆಂದು ನಂಬಿದವನಿಗೆ ಸಾಯುವವನ ಪಕ್ಕದಲ್ಲಿ ಕುಳಿತುಕೊಳ್ಳುವ ಧೈರ್ಯ ಬರುತ್ತದೆ.

ಮುಂದೆ ಗೋವೆಯ ಓರೆಟರಿಯಿಂದ ಇನ್ನಷ್ಟು ಗುರುಗಳು ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಗುರುಗಳು ಸಿಂಹಳ ಕಥೋಲಿಕ ಸಾಹಿತ್ಯದ ಜನಕರೆನಿಸಿದರು. ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗ ವಾಜರು ಒಪ್ಪಲಿಲ್ಲ. ಸಾಮಾನ್ಯ ಮಿಷನರಿಯಾಗಿಯೇ ಉಳಿದರು. ಎರಡು ದಶಕಗಳ ಅಲೆದಾಟದಿಂದ ಜರ್ಝರಿತವಾದ ದೇಹ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ವಿರಮಿಸಿತು. ಪ್ರಾಯ ಐವತ್ತೊಂಬತ್ತು. ಸಿಲೋನಿಗೆ ಹೋದ ಮೇಲೆ ಅವರು ಮತ್ತೆಂದೂ ಹುಟ್ಟೂರನ್ನು ನೋಡಲಿಲ್ಲ. ಅವರು ಹೋದಾಗ ಒಬ್ಬ ಗುರುವೂ ಇಲ್ಲದ ಆ ದ್ವೀಪದಲ್ಲಿ ಅವರ ಮರಣದ ವೇಳೆಗೆ ಸುಮಾರು 70,000 ಕಥೋಲಿಕರಿದ್ದರೆಂದು ಚರಿತ್ರಕಾರರು ಬರೆಯುತ್ತಾರೆ. ಅವರ ಸಮಾಧಿಯ ಜಾಗ ಇಂದು ಯಾರಿಗೂ ತಿಳಿಯದು. ಪೋಪ್ ದ್ವಿತೀಯ ಜಾನ್ ಪೌಲರು 1995ರ ಜನವರಿ 21ರಂದು ಅವರನ್ನು ಪುನೀತರೆಂದೂ, ಪೋಪ್ ಫ್ರಾನ್ಸಿಸರು 2015ರ ಜನವರಿ 14ರಂದು ಸಂತರೆಂದೂ ಘೋಷಿಸಿದರು. ಎರಡೂ ಸಮಾರಂಭಗಳು ಕೊಲಂಬೊ ನಗರದಲ್ಲೇ ನಡೆದವು. ಒಂದು ಕಾಲದಲ್ಲಿ ಕಥೋಲಿಕ ಗುರುವಿಗೆ ಕಾಲಿಡಲು ಎಡೆಯಿಲ್ಲದಿದ್ದ ನಗರವದು.

ನಮ್ಮ ಮನೆಗಳಲ್ಲಿ ನಿರೀಕ್ಷೆ

ನಿರೀಕ್ಷೆಗೆ ಎರಡು ಶತ್ರುಗಳಿವೆ ಎಂದು ಸಭೆಯ ಜ್ಞಾನಿಗಳು ಬೋಧಿಸುತ್ತಾರೆ. ಮೊದಲನೆಯದು ಅತಿಭರವಸೆ: ದೇವರು ಹೇಗೂ ನೋಡಿಕೊಳ್ಳುತ್ತಾನೆಂದು ನಮ್ಮ ಪಾಲಿನ ಕೆಲಸವನ್ನು ಬಿಟ್ಟುಬಿಡುವುದು. ಇದು, ಆ ಒಳಿತು ಕಷ್ಟಸಾಧ್ಯವೆಂಬುದನ್ನು ಮರೆಯುತ್ತದೆ. ಎರಡನೆಯದು ಹತಾಶೆ: ಇನ್ನು ದೇವರಿಂದಲೂ ಆಗದೆಂದು ಕೈಬಿಡುವುದು. ಇದು, ಆ ಒಳಿತು ಸಾಧ್ಯವೆಂಬುದನ್ನು ಮರೆಯುತ್ತದೆ. ಸೆರೆಯಲ್ಲಿ ಭಾಷೆ ಕಲಿತ ವಾಜರು ಈ ಎರಡನ್ನೂ ಗೆದ್ದರು. ಕಲಿತದ್ದರಿಂದ ಅತಿಭರವಸೆಯನ್ನು, ಸೆರೆಯಲ್ಲಿಯೂ ಕಲಿತದ್ದರಿಂದ ಹತಾಶೆಯನ್ನು.

ಇಂದು ನಮ್ಮ ಕುಟುಂಬಗಳಲ್ಲಿ ಹತಾಶೆ ಬೇರೆ ಬೇರೆ ವೇಷಗಳಲ್ಲಿ ಮನೆಮಾಡಿಕೊಂಡಿದೆ. ಮಕ್ಕಳು ಬೆಂಗಳೂರು, ಕೊಲ್ಲಿ ದೇಶಗಳನ್ನು ಸೇರಿದ ಮೇಲೆ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ವೃದ್ಧ ದಂಪತಿಗಳಿದ್ದಾರೆ. ಕೊಳೆರೋಗಕ್ಕೆ ತುತ್ತಾದ ತೋಟ, ತೀರದ ಸಾಲ, ಕುಡಿತ ಬಿಡದ ಗಂಡ, ಪಾಲಿನ ವ್ಯಾಜ್ಯದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ. ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿ ಮುಖ ತೋರಿಸಲು ನಾಚುವ ಹುಡುಗನಿದ್ದಾನೆ. ಬದುಕಿಯೇ ಪ್ರಯೋಜನವಿಲ್ಲವೆಂಬ ಮಾತು ಅಂಥವರ ಬಾಯಿಂದ ಬಂದರೆ ಅದನ್ನು ಹಗುರವಾಗಿ ಪರಿಗಣಿಸಬಾರದು. ಪ್ರಾರ್ಥಿಸು ಎಂದು ಹೇಳಿ ಎದ್ದುಬರುವುದು ಸಾಲದು. ಪಕ್ಕದಲ್ಲಿ ಕುಳಿತು ಆಲಿಸಬೇಕು, ವೈದ್ಯರ ಬಳಿಗೆ ಕರೆದೊಯ್ಯಬೇಕಾದರೆ ಕರೆದೊಯ್ಯಬೇಕು, ಒಬ್ಬಂಟಿಯಾಗಿ ಬಿಡಬಾರದು. ಸಿಡುಬಿನ ಗುಡಿಸಲಿಗೆ ಹೋದ ಸಂತರು ನಮಗೆ ಕಲಿಸಿದ್ದು ಇದನ್ನೇ. ಒಬ್ಬನಲ್ಲಿ ನಿರೀಕ್ಷೆ ಬತ್ತಿದಾಗ ಅವನ ಪರವಾಗಿ ಮತ್ತೊಬ್ಬನು ನಿರೀಕ್ಷಿಸಬೇಕು. ಸಭೆಯೆಂಬುದು ಇರುವುದೇ ಅದಕ್ಕಾಗಿ.

ನಮ್ಮ ಪೂರ್ವಜರು ಹಾಗೆ ಬದುಕಿದವರು. 1784ರಲ್ಲಿ ಕರಾವಳಿಯ ಸಾವಿರಾರು ಕಥೋಲಿಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. 1799ರಲ್ಲಿ ಬಿಡುಗಡೆಯಾದಾಗ ಮರಳಿ ಬಂದವರು ಕೆಲವರೇ. ಬಂದವರಿಗೆ ಇಲ್ಲಿ ಕಾದಿದ್ದದ್ದು ಕೆಡವಿದ ಇಗರ್ಜಿಗಳು, ಪರರ ಪಾಲಾದ ಭೂಮಿ. ಆದರೂ ಅವರು ಮತ್ತೆ ಕಟ್ಟಿದರು. 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತ್ಯವಾಗುವಷ್ಟು ನಮ್ಮ ಸಮುದಾಯ ಬೆಳೆದದ್ದು ಅಂದು ಹಾಗೆ ಕಟ್ಟಿದವರಿಂದ. ಅವರಲ್ಲಿ ಹೆಚ್ಚಿನವರ ಹೆಸರು ನಮಗೆ ತಿಳಿಯದು. ವಾಜರ ಸಮಾಧಿಯಂತೆಯೇ ಅವರ ಸಮಾಧಿಗಳೂ ಮರೆಯಾಗಿವೆ.

ಅಮಾಸೆಬೈಲೆಂಬ ಹೆಸರಿನಲ್ಲೇ ಅಮಾಸೆಯಿದೆ. ಅಮಾಸೆಯ ರಾತ್ರಿ ಚಂದ್ರನು ಕಾಣುವುದಿಲ್ಲವೆಂದು ಯಾವ ರೈತನೂ ಬೇಸಾಯ ಬಿಡುವುದಿಲ್ಲ. ಕಾಣದಿದ್ದರೂ ಚಂದ್ರನು ಇದ್ದಾನೆಂದು ಅವನಿಗೆ ಗೊತ್ತು. ಘಟ್ಟದ ತಪ್ಪಲಿನ ನಮ್ಮ ಊರುಗಳಲ್ಲಿ ಮನೆಗಳು ದೂರದೂರ, ಇಗರ್ಜಿ ಇನ್ನೂ ದೂರ. ಮಳೆಗಾಲದಲ್ಲಿ ಭಾನುವಾರದ ಪೂಜೆಗೆ ಬರುವುದೂ ಕೆಲವರಿಗೆ ಕಷ್ಟ. ಅಂಥ ದಿನ ಮನೆಯವರೆಲ್ಲ ಸೇರಿ ದೀಪ ಹಚ್ಚಿ ಜಪಮಾಲೆ ಹೇಳಿದರೆ, ಯಾಳ್ಪಾಣದ ಆ ಮನೆಗಳ ಸಾಲಿಗೆ ನಮ್ಮ ಮನೆಯೂ ಸೇರುತ್ತದೆ. ಪ್ರತಿ ವರ್ಷ ಜನವರಿ 16ರಂದು ಸಂತ ಜೋಸೆಫ್ ವಾಜರ ಹಬ್ಬ ಬರುತ್ತದೆ. ಅಂದು ಪ್ರತಿ ಕುಟುಂಬವೂ, ನಿರೀಕ್ಷೆ ಕಳೆದುಕೊಂಡ ಒಬ್ಬರ ಮನೆಗೆ, ಅವರು ನೆಂಟರೇ ಇರಲಿ, ನೆರೆಯವರೇ ಇರಲಿ, ಮಾತು ಬಿಟ್ಟವರೇ ಇರಲಿ, ಒಮ್ಮೆ ಹೋಗಿ ಬರಲೆಂದು ನಾವು ಬಿನ್ನವಿಸಿಕೊಳ್ಳುತ್ತೇವೆ.